ಯಾವ ರೀಲು ಹಾಕಬೇಕು: ಕಲರ್ ನೆಗೆಟಿವ್, ಕಪ್ಪು-ಬಿಳುಪು, ಸ್ಲೈಡ್

ಅಟ್ಟದ ಮೇಲಿನ ಪೆಟ್ಟಿಗೆಯಿಂದ ಅಜ್ಜನದೋ ಚಿಕ್ಕಪ್ಪನದೋ ಹಳೆಯ ಕ್ಯಾಮೆರಾ ಕೆಳಗಿಳಿಸಿ, ಧೂಳು ಒರೆಸಿ, ಶಟರ್ ಇನ್ನೂ ಬಡಿಯುತ್ತಿದೆ ಎಂದು ಖಾತ್ರಿ ಮಾಡಿಕೊಂಡವರು ಮೊದಲು ಕೇಳುವುದು ಇದಕ್ಕೆ ಯಾವ ರೀಲು ಹಾಕಬೇಕೆಂದು. ಕಲರ್ ನೆಗೆಟಿವ್ (ಬೆಳಕು-ನೆರಳು ತಿರುಗುಮುರುಗಾಗಿ ಮೂಡುವ ಬಣ್ಣದ ರೀಲು) ಹಾಕಿದರೆ ಬಣ್ಣ ಸಪ್ಪೆಯಾಗುತ್ತದೆ ಎಂದು ಯಾರೋ ಅವರನ್ನು ಹೆದರಿಸಿರುತ್ತಾರೆ. ಸ್ಲೈಡ್ (ನೇರವಾದ ಚಿತ್ರವೇ ಮೂಡುವ ಪಾರದರ್ಶಕ ರೀಲು) ಹಾಕಿದವನೇ ನಿಜವಾದ ಛಾಯಾಗ್ರಾಹಕ ಎಂದು ಇನ್ಯಾರೋ ಹುರಿದುಂಬಿಸಿರುತ್ತಾರೆ. ಕಪ್ಪು-ಬಿಳುಪೊಂದೇ ಕಲೆ ಎನ್ನುವವರಂತೂ ಎಲ್ಲ ಊರಲ್ಲೂ ಇದ್ದಾರೆ. ಈ ಮಾತುಗಳೆಲ್ಲ ಚಿತ್ರ ಕೊನೆಗೆ ಹೇಗೆ ಕಾಣುತ್ತದೆ ಎಂಬುದರ ಸುತ್ತಲೇ ಗಿರಕಿ ಹೊಡೆಯುತ್ತವೆ. ಬೆಳಕನ್ನು ಅಳೆಯುವಾಗ ನಾವು ಮಾಡುವ ತಪ್ಪುಗಳಲ್ಲಿ ಯಾವುದನ್ನು ಒಂದು ರೀಲು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಯಾವುದನ್ನು ಹಾಕಿಕೊಳ್ಳುವುದಿಲ್ಲ ಎಂಬುದನ್ನು ನೋಡಿ ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಹಾಗೆ ನೋಡಬೇಕಾದರೆ ರೀಲಿನೊಳಗೆ ಬೆಳಕು ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ತಿಳಿದಿರಲೇಬೇಕು.

ಬೆಳಕು ಬಿದ್ದಾಗ

ಹಂಪಿಯ ವಿರೂಪಾಕ್ಷ ದೇವಾಲಯದ ಒಳಗೆ, ಕತ್ತಲೆಯ ಕೋಣೆಯೊಂದರ ಗೋಡೆಯ ಮೇಲೆ, ಹೊರಗಿನ ಗೋಪುರ ತಲೆಕೆಳಗಾಗಿ ಮೂಡುವುದನ್ನು ನೀವು ನೋಡಿರಬಹುದು. ಸಣ್ಣ ಕಿಂಡಿಯ ಮೂಲಕ ಬಂದ ಬೆಳಕು ಅಲ್ಲಿ ಬಿಂಬವನ್ನು ಬರೆಯುತ್ತದೆ. ಹೊತ್ತು ಮುಳುಗಿದರೆ ಬಿಂಬವೂ ಹೋಗುತ್ತದೆ. ಕ್ಯಾಮೆರಾ ಆ ಕೋಣೆಯದೇ ಚಿಕ್ಕ ರೂಪ. ಗೋಡೆಯ ಜಾಗದಲ್ಲಿ ಬಿಂಬವನ್ನು ಹಿಡಿದಿಟ್ಟುಕೊಳ್ಳುವ ತೆಳುಪದರ ಇರುತ್ತದೆ.

ಆ ಪದರದಲ್ಲಿ ಜೆಲಟಿನ್ನಿನ ನಡುವೆ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳು ಹರಡಿಕೊಂಡಿರುತ್ತವೆ. ಅವುಗಳಲ್ಲಿ ಬಹುಪಾಲು ಬೆಳ್ಳಿಯ ಬ್ರೋಮೈಡ್, ಜೊತೆಗೆ ಸ್ವಲ್ಪ ಅಯೋಡೈಡ್. ಬೆಳಕಿನ ಕಣವೊಂದು ಹರಳಿಗೆ ತಾಗಿದಾಗ ಎಲೆಕ್ಟ್ರಾನ್ ಒಂದು ಸಡಿಲಗೊಂಡು, ಹರಳಿನ ಯಾವುದೋ ಕೊರತೆಯ ಜಾಗದಲ್ಲಿ ಸಿಕ್ಕಿಕೊಂಡು, ಹತ್ತಿರಕ್ಕೆ ಬಂದ ಬೆಳ್ಳಿಯ ಅಯಾನನ್ನು ಲೋಹದ ಪರಮಾಣುವನ್ನಾಗಿ ಮಾಡುತ್ತದೆ ಎಂಬ ವಿವರಣೆಯನ್ನು ಗರ್ನಿ ಮತ್ತು ಮಾಟ್ ಎಂಬ ವಿಜ್ಞಾನಿಗಳು 1938ರಲ್ಲಿ ಕೊಟ್ಟರು. ಒಂದೇ ಪರಮಾಣು ಹೆಚ್ಚು ಹೊತ್ತು ಉಳಿಯುವುದಿಲ್ಲ, ಮತ್ತೆ ಅಯಾನಾಗಿ ಹೋಗಿಬಿಡುತ್ತದೆ. ಒಂದೇ ಕಡೆ ಮೂರು-ನಾಲ್ಕು ಪರಮಾಣುಗಳು ಕೂಡಿದರೆ ಮಾತ್ರ ಆ ಚುಕ್ಕೆ ನಿಲ್ಲುತ್ತದೆ. ಡೆವಲಪರ್ ದ್ರಾವಣ ಅಲ್ಲಿಂದ ಆರಂಭಿಸಿ ಕೋಟಿಗಟ್ಟಲೆ ಅಯಾನುಗಳಿರುವ ಇಡೀ ಹರಳನ್ನು ಬೆಳ್ಳಿಯನ್ನಾಗಿಸುತ್ತದೆ. ಬೆಳಕು ತಾಗದ ಹರಳುಗಳನ್ನು ಹೈಪೋ ಎಂಬ ಫಿಕ್ಸರ್ ದ್ರಾವಣ ಕರಗಿಸಿ ಹೊರಹಾಕುತ್ತದೆ. ಈ ಸೂಕ್ಷ್ಮತೆ ಬರುವುದಕ್ಕೆ ಜೆಲಟಿನ್ನಿನಲ್ಲಿ ತೀರ ಸ್ವಲ್ಪ ಗಂಧಕ ಇರಬೇಕೆಂದು, ಸಾಸಿವೆಯ ಎಣ್ಣೆಯ ಘಾಟಿಗೆ ಕಾರಣವಾದ ವಸ್ತುವಿಗೆ ಹತ್ತಿರದ ಸಂಯುಕ್ತವೊಂದು ಅದನ್ನು ಒದಗಿಸುತ್ತದೆಂದು ಕೊಡಾಕ್ ಸಂಸ್ಥೆಯ ಶೆಪರ್ಡ್ 1925ರಲ್ಲಿ ಕಂಡುಕೊಂಡರು. ಜೆಲಟಿನ್ ಆಗುವುದು ದನಗಳ ಮೂಳೆ ಮತ್ತು ಚರ್ಮದಿಂದ. ಅಂದರೆ ದನ ಮೇಯ್ದ ಹೊಲದಲ್ಲಿ ಸಾಸಿವೆಯ ಜಾತಿಯ ಗಿಡ ಇತ್ತೇ ಇಲ್ಲವೇ ಎಂಬುದು ಒಂದು ಕಾಲಕ್ಕೆ ರೀಲಿನ ವೇಗವನ್ನು ನಿರ್ಧರಿಸುತ್ತಿತ್ತು.

ಆಯ್ಕೆಯ ದೃಷ್ಟಿಯಿಂದ ಮುಖ್ಯವಾದ ಮಾತು ಇನ್ನು ಮುಂದಿದೆ. ಬಿದ್ದ ಬೆಳಕಿಗೂ ಮೂಡುವ ಕಪ್ಪಿಗೂ ಇರುವ ಸಂಬಂಧವನ್ನು ಹರ್ಟರ್ ಮತ್ತು ಡ್ರಿಫೀಲ್ಡ್ ಇಂಗ್ಲೆಂಡಿನಲ್ಲಿ ಅಳೆದು 1890ರಲ್ಲಿ ರೇಖೆಯಾಗಿ ಬರೆದರು. ಆ ರೇಖೆ ನೇರವಾಗಿಲ್ಲ. ಬೆಳಕು ತೀರ ಕಡಿಮೆ ಇದ್ದಾಗ ಏನೂ ಮೂಡುವುದಿಲ್ಲ. ಸ್ವಲ್ಪ ಹೆಚ್ಚಾದಾಗ ರೇಖೆ ನಿಧಾನವಾಗಿ ಮೇಲೇಳುತ್ತದೆ, ಇದು ಅದರ ಪಾದ. ಆಮೇಲೆ ಬಹುದೂರ ನೇರವಾಗಿ ಏರುತ್ತದೆ. ಕೊನೆಗೆ ಹೆಗಲಿನ ಹಾಗೆ ಬಾಗಿ ಸಪಾಟಾಗುತ್ತದೆ. ನೆಗೆಟಿವ್‌ನಲ್ಲಿ ನೆರಳಿನ ವಿವರ ಪಾದದ ಬಳಿ ಇರುತ್ತದೆ, ಬಿಸಿಲಿನ ವಿವರ ಹೆಗಲಿನ ಕಡೆ. ಪಾದಕ್ಕಿಂತ ಕೆಳಗೆ ಬಿದ್ದ ನೆರಳು ಹೋದಂತೆಯೇ, ಏಕೆಂದರೆ ಮೂರು-ನಾಲ್ಕು ಪರಮಾಣುಗಳ ಆ ಚುಕ್ಕೆಯೇ ಅಲ್ಲಿ ಹುಟ್ಟಿಲ್ಲ, ಯಾವ ದ್ರಾವಣವೂ ಅದನ್ನು ಹುಟ್ಟಿಸಲಾರದು. ಹೆಗಲಿನ ಕಡೆಗೆ ಸರಿದ ಬಿಸಿಲು ಮಾತ್ರ ಬಹಳ ದೂರದವರೆಗೆ ಸಿಗುತ್ತದೆ. ಸ್ಲೈಡ್‌ನಲ್ಲಿ ಇದು ತಿರುಗುಮುರುಗಾಗುತ್ತದೆ. ಹೆಚ್ಚು ಬೆಳಕು ಬಿದ್ದಲ್ಲಿ ಬರಿಯ ಪಾರದರ್ಶಕ ಪಟ್ಟಿ ಉಳಿಯುತ್ತದೆ, ಅಲ್ಲಿಂದ ಮರಳಿ ತರಲು ಏನೂ ಇರುವುದಿಲ್ಲ.

ಏನನ್ನು ಮುಂದಿಟ್ಟುಕೊಂಡು ಹೋಲಿಸಬೇಕು

ನಿಮ್ಮ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ನಂಬುವಂತಿದೆಯೇ ಎಂಬುದು ಮೊದಲ ಪ್ರಶ್ನೆ. ಹಳೆಯ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಮೀಟರ್ ಸತ್ತಿರುತ್ತದೆ, ಇಲ್ಲವೇ ಅದಕ್ಕೆ ಬೇಕಾದ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. ಎರಡನೆಯದು ದೃಶ್ಯದ ಬೆಳಕು-ನೆರಳಿನ ಅಂತರ. ಮೂರನೆಯದು ಬೆಳಕಿನ ಪ್ರಮಾಣ, ಅಂದರೆ ಎಷ್ಟು ಐಎಸ್‌ಒ ಬೇಕು ಎಂಬುದು. 100ರಿಂದ 200ಕ್ಕೆ, 200ರಿಂದ 400ಕ್ಕೆ ಹೋದಾಗಲೆಲ್ಲ ರೀಲಿನ ಸೂಕ್ಷ್ಮತೆ ಇಮ್ಮಡಿಯಾಗುತ್ತದೆ, ಒಂದು ಸ್ಟಾಪ್ (ಬೆಳಕು ಇಮ್ಮಡಿಯೋ ಅರ್ಧವೋ ಆಗುವ ಒಂದು ಹೆಜ್ಜೆ) ಉಳಿಯುತ್ತದೆ, ಬದಲಿಗೆ ಹರಳು ದೊಡ್ಡದಾಗಿ ಚಿತ್ರದಲ್ಲಿ ಗ್ರೇನ್ (ಮರಳಿನಂಥ ಚುಕ್ಕೆ) ಕಾಣುತ್ತದೆ. ನಾಲ್ಕನೆಯದನ್ನು ಜನ ಕೊನೆಗೆ ಕೇಳುತ್ತಾರೆ, ನನ್ನ ಪ್ರಕಾರ ಮೊದಲೇ ಕೇಳಬೇಕು: ಈ ರೀಲನ್ನು ತೊಳೆಯುವವರು ಯಾರು? ಇವುಗಳ ನಂತರ ಒಂದೊಂದು ಚಿತ್ರಕ್ಕೆ ಬೀಳುವ ಖರ್ಚು ಮತ್ತು ಚಿತ್ರ ಎಷ್ಟು ಕಾಲ ಉಳಿಯಬೇಕೆಂಬ ಅಪೇಕ್ಷೆ ಬರುತ್ತವೆ.

ಖರ್ಚನ್ನು ರೀಲಿನ ಬೆಲೆಯಿಂದಷ್ಟೇ ಲೆಕ್ಕ ಹಾಕಬಾರದು. ರೀಲಿಗೆ 1,000 ರೂಪಾಯಿ, ತೊಳೆದು ಸ್ಕ್ಯಾನ್ ಮಾಡಲು 700 ರೂಪಾಯಿ ಎಂದು ಇಟ್ಟುಕೊಂಡರೆ 36 ಚಿತ್ರಗಳಲ್ಲಿ ಒಂದೊಂದಕ್ಕೂ ಸುಮಾರು 47 ರೂಪಾಯಿ ಬೀಳುತ್ತದೆ. ನಿಮ್ಮ ಊರಿನ ಬೆಲೆಗಳನ್ನು ಇದೇ ಲೆಕ್ಕಕ್ಕೆ ಹಾಕಿ, ಅಂಚೆಯ ಖರ್ಚನ್ನೂ ಸೇರಿಸಿ ನೋಡಿದರೆ, ಅಗ್ಗವೆಂದುಕೊಂಡ ರೀಲು ದುಬಾರಿಯಾಗುವುದೂ ಉಂಟು.

ಹೋಲಿಕೆಗೆ ಒಂದೇ ದೃಶ್ಯವನ್ನು ಇಟ್ಟುಕೊಳ್ಳೋಣ. ಹಂಪಿಯ ಯಾವುದಾದರೂ ಕಲ್ಲುಮಂಟಪದ ಒಳಗೆ, ಕಂಬಕ್ಕೆ ಒರಗಿ, ಬಿಳಿ ಪಂಚೆಯುಟ್ಟ ಹಿರಿಯರೊಬ್ಬರು ಕುಳಿತಿದ್ದಾರೆ; ಹಿಂದೆ ಮಧ್ಯಾಹ್ನದ ಬಿಸಿಲಿನಲ್ಲಿ ಬಂಡೆಗಳು ಬೆಳಗುತ್ತಿವೆ. ಐಎಸ್‌ಒ 400ರ ರೀಲಿಗೆ ಹೊರಗಿನ ಬಂಡೆ ಎಫ್ 16 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಕಿರಿದು), 1/500 ಸೆಕೆಂಡು ಕೇಳಿದರೆ, ಒಳಗಿನ ಮುಖ ಎಫ್ 5.6, 1/60 ಕೇಳುತ್ತದೆ ಎನ್ನೋಣ. ನಡುವಿನ ಅಂತರ ಆರು ಸ್ಟಾಪ್, ಅಂದರೆ ಹೊರಗೆ 64 ಪಟ್ಟು ಹೆಚ್ಚು ಬೆಳಕು.

ಕಲರ್ ನೆಗೆಟಿವ್

ಇದರಲ್ಲಿ ನೀಲಿ, ಹಸಿರು, ಕೆಂಪು ಬೆಳಕಿಗೆ ಸ್ಪಂದಿಸುವ ಪದರಗಳು ಒಂದರ ಕೆಳಗೊಂದು ಇರುತ್ತವೆ. ಬೆಳ್ಳಿಯ ಹರಳು ಡೆವಲಪ್ ಆಗುವಾಗ ಪಕ್ಕದಲ್ಲೇ ಬಣ್ಣ ಹುಟ್ಟುತ್ತದೆ. ಆಮೇಲೆ ಬ್ಲೀಚ್ ಮತ್ತು ಫಿಕ್ಸರ್ ಸೇರಿ ಬೆಳ್ಳಿಯನ್ನು ಪೂರ್ತಿ ತೆಗೆದುಹಾಕುತ್ತವೆ, ಬಣ್ಣದ ಸಣ್ಣ ಮೋಡಗಳಷ್ಟೇ ಉಳಿಯುತ್ತವೆ. ತೊಳೆದ ಪಟ್ಟಿ ಕಿತ್ತಳೆಯಾಗಿ ಕಾಣುವುದು ಹಾಳಾಗಿರುವುದರಿಂದಲ್ಲ. ಬಣ್ಣಗಳಲ್ಲಿರುವ ಕೊರತೆಯನ್ನು ಸರಿದೂಗಿಸಲು ಬೇಕೆಂದೇ ಇಟ್ಟ ಮುಸುಕು ಅದು. ತೊಳೆಯುವ ವಿಧಾನ ಸಿ-41. 1972ರಲ್ಲಿ ಬಂದದ್ದು, ಡೆವಲಪರ್ 37.8 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡು, ಯಾವ ಕಂಪನಿಯ ರೀಲಾದರೂ ಅದೇ ಸಮಯ. ಎಲ್ಲಕ್ಕೂ ಒಂದೇ ಸಮಯವಾದ್ದರಿಂದಲೇ ಇದನ್ನು ಯಂತ್ರದಲ್ಲಿ ತೊಳೆಯಬಹುದು, ದೊಡ್ಡ ಊರುಗಳಲ್ಲಿ ಇನ್ನೂ ತೊಳೆಯುವವರು ಸಿಗುತ್ತಾರೆ.

ಮಂಟಪದ ದೃಶ್ಯದಲ್ಲಿ ಮೀಟರನ್ನು ಹಿರಿಯರ ಮುಖಕ್ಕೆ ಹಿಡಿದು ಚಿತ್ರ ತೆಗೆದರೆ ಮುಖವೂ ಬರುತ್ತದೆ, ಪಂಚೆಯ ನೆರಿಗೆಯೂ ಬರುತ್ತದೆ, ಹೊರಗಿನ ಬಂಡೆ ನೆಗೆಟಿವ್‌ನಲ್ಲಿ ದಟ್ಟವಾದರೂ ಸ್ಕ್ಯಾನ್ ಮಾಡಿದಾಗ ಅದರ ಬಹುಪಾಲು ವಿವರ ಸಿಗುತ್ತದೆ. ಕೊಡಾಕ್ ಗೋಲ್ಡ್ 200 ಎರಡು ಸ್ಟಾಪ್ ಕಡಿಮೆಯಾದರೂ ಮೂರು ಸ್ಟಾಪ್ ಹೆಚ್ಚಾದರೂ ತಡೆದುಕೊಳ್ಳುತ್ತದೆ ಎಂದು ಕಂಪನಿಯೇ ಹೇಳುತ್ತದೆ; ನನ್ನ ಅನುಭವದಲ್ಲಿ ಹೆಚ್ಚಿನ ಕಡೆಗೆ ಆ ಮಾತು ಪೂರ್ತಿ ನಿಜ, ಕಡಿಮೆಯ ಕಡೆಗೆ ಅರ್ಧ ನಿಜ. ಎರಡು ಸ್ಟಾಪ್ ಕಡಿಮೆಯಾದಾಗ ನೆರಳು ಕೆಸರಿನ ಬಣ್ಣಕ್ಕೆ ತಿರುಗಿ ಗ್ರೇನ್ ಎದ್ದು ಕಾಣುತ್ತದೆ, ಚಿತ್ರ ಸಿಗುತ್ತದೆ ಅಷ್ಟೇ. ಆದ್ದರಿಂದ ಕಲರ್ ನೆಗೆಟಿವ್ ಹಾಕಿದಾಗ ಸಂಶಯವಿದ್ದರೆ ಒಂದು ಸ್ಟಾಪ್ ಹೆಚ್ಚೇ ಕೊಡಿ. ಐಎಸ್‌ಒ 400ರ ರೀಲು ಹಾಕಿ ಮೀಟರನ್ನು 200ಕ್ಕೆ ತಿರುಗಿಸಿಟ್ಟವರು ಪಶ್ಚಾತ್ತಾಪ ಪಟ್ಟದ್ದನ್ನು ನಾನು ಕಂಡಿಲ್ಲ.

ಇದರಲ್ಲೇ ಭೇದಗಳಿವೆ. ಗೋಲ್ಡ್ ಮತ್ತು ಕಲರ್‌ಪ್ಲಸ್ ಅಗ್ಗದವು, ಹಳದಿಯ ಕಡೆಗೆ ವಾಲುತ್ತವೆ, ಅರಿಶಿನ ಹಚ್ಚಿದ ಮುಖಕ್ಕೂ ಸಂಜೆಯ ಬಿಸಿಲಿಗೂ ಒಗ್ಗುತ್ತವೆ. ಪೋರ್ಟ್ರಾ ದುಬಾರಿ, ಆದರೆ ಕಪ್ಪು ಮೈಬಣ್ಣ, ಎಣ್ಣೆಗೆಂಪು, ಗೋಧಿವರ್ಣ ಮೂರೂ ಒಂದೇ ಚೌಕಟ್ಟಿನಲ್ಲಿ ಕುಳಿತಿರುವ ನಮ್ಮ ಮದುವೆಮನೆಯ ಗುಂಪುಚಿತ್ರಕ್ಕೆ ಅದರ ಸೌಮ್ಯತೆ ಉಪಕಾರಕ್ಕೆ ಬರುತ್ತದೆ. ಎಕ್ಟಾರ್ 100ರ ಗ್ರೇನ್ ತೀರ ನುಣುಪು, ಬಣ್ಣ ಗಾಢ. ಬೆಟ್ಟ-ಹೊಳೆಗೆ ಚೆನ್ನ, ಮುಖಕ್ಕೆ ಬೇಡ, ಮತ್ತು ಅದು ಗೋಲ್ಡ್‌ನಷ್ಟು ಉದಾರಿಯೂ ಅಲ್ಲ.

ದೀಪದ ಬೆಳಕಿನ ಬಗ್ಗೆ ಒಂದು ಎಚ್ಚರಿಕೆ ಬೇಕು. ಇವೆಲ್ಲ ಹಗಲಿನ ಬೆಳಕಿಗೆ, ಅಂದರೆ ಸುಮಾರು 5,500 ಕೆಲ್ವಿನ್‌ಗೆ, ಹೊಂದಿಸಿದ ರೀಲುಗಳು. ಹಣತೆಯ ಬೆಳಕಿನಲ್ಲಿ ಎಲ್ಲವೂ ಕಿತ್ತಳೆಯಾಗುತ್ತದೆ. ನೀಲಿ ಫಿಲ್ಟರ್ ಹಾಕಿ ಸರಿಪಡಿಸಲು ಹೊರಟರೆ ಎರಡು ಸ್ಟಾಪ್ ಬೆಳಕು ಅದಕ್ಕೇ ಹೋಗುತ್ತದೆ, ದೀಪದ ಮುಂದೆ ಅಷ್ಟು ಬೆಳಕು ಕಳೆದುಕೊಳ್ಳುವ ಶ್ರೀಮಂತಿಕೆ ಯಾರಿಗೂ ಇರುವುದಿಲ್ಲ.

ಕಪ್ಪು-ಬಿಳುಪು

ಇಲ್ಲಿ ಚಿತ್ರವೆಂದರೆ ಬೆಳ್ಳಿಯೇ. ಸರಿಯಾಗಿ ಫಿಕ್ಸ್ ಮಾಡಿ, ಸಾಕಷ್ಟು ತೊಳೆದು, ಒಣ ಜಾಗದಲ್ಲಿಟ್ಟರೆ ಬಣ್ಣದ ಚಿತ್ರ ಮಾಸುವ ಕಾಲಕ್ಕೂ ಅದು ಹಾಗೇ ಇರುತ್ತದೆ. ಮನೆಯ ಹಿರಿಯರ ಚಿತ್ರ ಮೊಮ್ಮಕ್ಕಳ ಕಾಲಕ್ಕೂ ಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ. ಸಂಡೂರಿನ ಎಂ. ವೈ. ಘೋರ್ಪಡೆಯವರು ಕಾಡಿನ ಪ್ರಾಣಿಗಳ ಚಿತ್ರಗಳಿಗೆ ಹೆಸರಾದದ್ದೂ ಕಪ್ಪು-ಬಿಳುಪಿನಿಂದಲೇ. ಬಣ್ಣವಿಲ್ಲದಿದ್ದರೂ ಕಾಡಿನ ಬೆಳಕಿಗೆ ಏನೂ ಕೊರತೆಯಾಗುವುದಿಲ್ಲ ಎಂಬುದಕ್ಕೆ ಅವರ ಚಿತ್ರಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಆದರೆ ಕಪ್ಪು-ಬಿಳುಪು ಎಂದಾಗ ಒಂದೇ ರೀಲಲ್ಲ, ಕನಿಷ್ಠ ಮೂರು ಜಾತಿ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್, ಕೊಡಾಕ್ ಟ್ರೈ-ಎಕ್ಸ್ ಹಳೆಯ ಪದ್ಧತಿಯವು; 35 ಎಂಎಂನ ಟ್ರೈ-ಎಕ್ಸ್ 1954ರಿಂದ ಇದೆ. ಇವುಗಳ ಹರಳುಗಳು ಗಾತ್ರದಲ್ಲೂ ಆಕಾರದಲ್ಲೂ ಏಕರೂಪವಲ್ಲ, ಗ್ರೇನ್ ಕಾಣುತ್ತದೆ, ಆದರೆ ತೊಳೆಯುವಾಗ ಉಷ್ಣಾಂಶವೋ ಸಮಯವೋ ಸ್ವಲ್ಪ ಏರುಪೇರಾದರೂ ಸಹಿಸಿಕೊಳ್ಳುತ್ತವೆ. ಕೊಡಾಕ್ ಟಿ-ಮ್ಯಾಕ್ಸ್, ಇಲ್‌ಫರ್ಡ್ ಡೆಲ್ಟಾ ಬಳಗದಲ್ಲಿ ಹರಳುಗಳನ್ನು ಬಿಲ್ಲೆಯಂತೆ ಚಪ್ಪಟೆಯಾಗಿ ಬೆಳೆಸಿರುತ್ತಾರೆ. ಅಷ್ಟೇ ಬೆಳ್ಳಿಯಲ್ಲಿ ಹೆಚ್ಚು ಬೆಳಕು ಹಿಡಿಯುವುದರಿಂದ ಗ್ರೇನ್ ನುಣುಪಾಗುತ್ತದೆ, ಆದರೆ ತೊಳೆಯುವವನ ಕೈ ನಡುಗಿದರೆ ಚಿತ್ರದಲ್ಲಿ ಗೊತ್ತಾಗಿಬಿಡುತ್ತದೆ. ಮೊದಲ ಸಲ ತೊಟ್ಟಿಗೆ ಕೈ ಹಾಕುವವರಿಗೆ ಎಚ್‌ಪಿ5 ಸಾಕು.

ಮೂರನೆಯದು ಇಲ್‌ಫರ್ಡ್ ಎಕ್ಸ್‌ಪಿ2 ಸೂಪರ್. ಇದು ನೋಡಲು ಕಪ್ಪು-ಬಿಳುಪು, ಸ್ವಭಾವದಲ್ಲಿ ಕಲರ್ ನೆಗೆಟಿವ್. ಇದರ ಚಿತ್ರವೂ ಬಣ್ಣದ ಮೋಡಗಳಿಂದ ಆದದ್ದು, ಇದನ್ನೂ ಸಿ-41 ಯಂತ್ರದಲ್ಲೇ ತೊಳೆಯುತ್ತಾರೆ, ಒಂದೇ ರೀಲಿನಲ್ಲಿ ಒಂದು ಚಿತ್ರವನ್ನು ಐಎಸ್‌ಒ 50ರಂತೆ, ಇನ್ನೊಂದನ್ನು 800ರಂತೆ ತೆಗೆದರೂ ನಡೆಯುತ್ತದೆ ಎಂದು ತಯಾರಕರು ಹೇಳುತ್ತಾರೆ. ಬೆಳ್ಳಿಯ ರೀಲಿಗೆ ಹೆಚ್ಚು ಬೆಳಕು ಕೊಟ್ಟರೆ ಗ್ರೇನ್ ಹೆಚ್ಚುತ್ತದೆ, ಇದಕ್ಕೆ ಕೊಟ್ಟರೆ ಕಡಿಮೆಯಾಗುತ್ತದೆ. ಸ್ಕ್ಯಾನರಿನ ಧೂಳು ತೆಗೆಯುವ ಸೌಲಭ್ಯ ಅವಕೆಂಪು ಬೆಳಕಿನಿಂದ ಕೆಲಸ ಮಾಡುವುದರಿಂದ ಬೆಳ್ಳಿಯ ನೆಗೆಟಿವ್‌ಗೆ ಅದು ನಡೆಯುವುದಿಲ್ಲ, ಬೆಳ್ಳಿಯನ್ನೇ ಧೂಳೆಂದು ತಿಳಿದುಕೊಳ್ಳುತ್ತದೆ, ಎಕ್ಸ್‌ಪಿ2ಗೆ ನಡೆಯುತ್ತದೆ. ಮನೆಯಲ್ಲಿ ತೊಳೆಯುವ ಗೋಜು ಬೇಡ, ಆದರೂ ಕಪ್ಪು-ಬಿಳುಪು ಬೇಕು ಎನ್ನುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಬೆಳ್ಳಿಯ ಬಾಳಿಕೆ ಮಾತ್ರ ಇದಕ್ಕಿಲ್ಲ.

ಈ ಭೇದ ತಿಳಿಯದೆ ಆದ ನಷ್ಟ ನನಗೆ ಈಗಲೂ ಚುಚ್ಚುತ್ತದೆ. ತಂಗಿಯ ಸೀಮಂತಕ್ಕೆ ಬೆಳ್ಳಿಯ ಕಪ್ಪು-ಬಿಳುಪು ರೀಲು ಹಾಕಿದ್ದೆ. ತೊಳೆಸಲು ಕೊಟ್ಟ ಅಂಗಡಿಯ ಹುಡುಗ ಡಬ್ಬಿಯ ಮೇಲೆ ಬರೆದದ್ದನ್ನು ಓದದೆ ಅದನ್ನು ಕಲರ್ ಯಂತ್ರಕ್ಕೆ ಹಾಕಿದ. ಆ ಯಂತ್ರದ ಕೆಲಸವೇ ಬೆಳ್ಳಿಯನ್ನು ಬ್ಲೀಚ್ ಮಾಡಿ ತೆಗೆಯುವುದು. ಬೆಳ್ಳಿಯ ಹೊರತು ಬೇರೇನೂ ಇಲ್ಲದ ರೀಲಿನಿಂದ ಅದು ಬೆಳ್ಳಿಯನ್ನು ತೆಗೆಯಿತು. ಸಂಜೆ ಕೈಗೆ ಬಂದದ್ದು ಗಾಜಿನಂತೆ ತಿಳಿಯಾದ ಒಂದೂವರೆ ಮೀಟರ್ ಪಟ್ಟಿ, ಅಂಚಿನ ಸಂಖ್ಯೆಗಳೂ ಇರಲಿಲ್ಲ. ‘ನೀವು ಲೆನ್ಸಿನ ಮುಚ್ಚಳ ತೆಗೆದಿರಲಿಲ್ಲವೇನೋ ಸಾರ್’ ಎಂದು ಆತ ವಿನಯದಿಂದಲೇ ಹೇಳಿದ. ಮುಚ್ಚಳ ತೆಗೆಯದಿದ್ದರೂ ಅಂಚಿನ ಸಂಖ್ಯೆ ಬರಬೇಕಿತ್ತು ಎಂದು ಆಗ ನನಗೂ ಹೊಳೆಯಲಿಲ್ಲ. ಬೆಳ್ಳಿಯ ರೀಲನ್ನು ಯಾರಿಗೇ ಕೊಟ್ಟರೂ ‘ಕಪ್ಪು-ಬಿಳುಪು, ಸಿ-41 ಅಲ್ಲ’ ಎಂದು ಚೀಟಿ ಅಂಟಿಸಿ ಕೊಡುವ ಅಭ್ಯಾಸ ಅಂದಿನಿಂದ ಬಂತು.

ಅದಕ್ಕಿಂತ ಒಳ್ಳೆಯದು ಮನೆಯಲ್ಲೇ ತೊಳೆಯುವುದು. ಇದೇ ಈ ಆಯ್ಕೆಯ ದೊಡ್ಡ ಲಾಭ. ಬೆಳಕು ನುಸುಳದ ಟ್ಯಾಂಕ್, ಕತ್ತಲೆ ಚೀಲ, ಥರ್ಮಾಮೀಟರ್, ಎರಡು-ಮೂರು ಬಾಟಲಿ ಇದ್ದರೆ ಬಚ್ಚಲುಮನೆಯೇ ಲ್ಯಾಬ್ ಆಗುತ್ತದೆ. ಎಚ್‌ಪಿ5 ರೀಲನ್ನು ಐಡಿ-11 ಡೆವಲಪರಿಗೆ ಸಮ ನೀರು ಬೆರೆಸಿ ತೊಳೆದರೆ 20 ಡಿಗ್ರಿಯಲ್ಲಿ 13 ನಿಮಿಷ ಬೇಕು. ನಮ್ಮ ನಲ್ಲಿಗಳಲ್ಲಿ 20 ಡಿಗ್ರಿಯ ನೀರು ಬರುವ ಊರು ಕಡಿಮೆ. 24 ಡಿಗ್ರಿಯಾದರೆ ಸುಮಾರು 9 ನಿಮಿಷಕ್ಕೆ ಇಳಿಸಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಾಟಲಿಯನ್ನು ಐಸ್ ಹಾಕಿದ ಬೋಗುಣಿಯಲ್ಲಿ ನಿಲ್ಲಿಸದೆ ಗತ್ಯಂತರವಿಲ್ಲ. ಹೈಪೋದ ಶಕ್ತಿ ಉಳಿದಿದೆಯೇ ಎಂದು ತಿಳಿಯಲು ರೀಲಿನ ಮುಂದಿನ ಬಾಲದಿಂದ ಕತ್ತರಿಸಿದ ತುಂಡನ್ನು ಅದರಲ್ಲಿ ಹಾಕಿ ನೋಡಿ: ಹಾಲಿನಂತಿರುವ ತುಂಡು ಮೋಡ ಸರಿದ ಹಾಗೆ ನಿಧಾನವಾಗಿ ತಿಳಿಯಾಗುತ್ತದೆ, ಅದಕ್ಕೆ ಹಿಡಿದ ಸಮಯದ ಎರಡರಷ್ಟು ಹೊತ್ತು ರೀಲನ್ನು ಫಿಕ್ಸ್ ಮಾಡಬೇಕು. ಬೋರ್‌ವೆಲ್ ನೀರಿನ ಮನೆಯವರು ಕೊನೆಯ ಜಾಲಾಡಿಕೆಗಾದರೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಒಣಗಿದ ಮೇಲೆ ಸುಣ್ಣದ ಕಲೆ ಖಂಡಿತ.

30.5 ಮೀಟರಿನ ದೊಡ್ಡ ಡಬ್ಬಿ ಕೊಂಡು ಖಾಲಿ ಕ್ಯಾಸೆಟ್‌ಗಳಿಗೆ ತಾವೇ ಸುತ್ತಿಕೊಂಡರೆ 36 ಚಿತ್ರಗಳ ಸುಮಾರು 18 ರೀಲುಗಳಾಗುತ್ತವೆ. ಮನೆಯ ತೊಳೆತವೂ ಸೇರಿದರೆ ಚಿತ್ರವೊಂದಕ್ಕೆ ಬೀಳುವ ಖರ್ಚಿನಲ್ಲಿ ಬೇರಾವ ಆಯ್ಕೆಯೂ ಇದರ ಹತ್ತಿರ ಬರುವುದಿಲ್ಲ. ವಿದ್ಯಾರ್ಥಿಗಳಿಗೆ ಇದೇ ದಾರಿ ಎಂದು ಸಂಕೋಚವಿಲ್ಲದೆ ಹೇಳಬಲ್ಲೆ.

ಮಂಟಪದ ದೃಶ್ಯಕ್ಕೆ ಬಂದರೆ, ಇಲ್ಲಿ ಬೆಳಕನ್ನು ನೆರಳಿಗೆ ಅಳೆದು ತೊಳೆಯುವ ಸಮಯವನ್ನು ಬಿಸಿಲಿಗೆ ತಕ್ಕಂತೆ ಕಡಿಮೆ ಮಾಡಬಹುದು. ನೆರಳಿನ ವಿವರ ಬೆಳಕಿನಲ್ಲೇ ತೀರ್ಮಾನವಾಗಿರುತ್ತದೆ, ಬಿಸಿಲಿನ ದಟ್ಟತೆ ಮಾತ್ರ ದ್ರಾವಣದಲ್ಲಿ ಕಳೆದ ಹೊತ್ತನ್ನು ಅವಲಂಬಿಸುತ್ತದೆ. ಆರು ಸ್ಟಾಪಿನ ಅಂತರ ಇದಕ್ಕೆ ಕಷ್ಟವಲ್ಲ. ಇದರ ವಿರುದ್ಧದ ಕೆಲಸ ಪುಶ್ ಮಾಡುವುದು: 400ರ ರೀಲನ್ನು 1600 ಎಂದು ಭಾವಿಸಿ ತೆಗೆದು ಹೆಚ್ಚು ಹೊತ್ತು ತೊಳೆಯುವುದು. ಜಾತ್ರೆಯ ರಾತ್ರಿಗೆ, ಯಕ್ಷಗಾನದ ಚೌಕಿಗೆ ಇದು ನೆರವಾಗುತ್ತದೆ. ಆದರೆ ಪುಶ್ ಮಾಡಿದರೆ ನೆರಳಿನಲ್ಲಿ ಹೊಸದೇನೂ ಹುಟ್ಟುವುದಿಲ್ಲ. ಮಧ್ಯದ ಮತ್ತು ಮೇಲಿನ ಬೆಳಕು ಮಾತ್ರ ಏರುತ್ತದೆ, ಕಪ್ಪು ಇನ್ನಷ್ಟು ಕಪ್ಪಾಗುತ್ತದೆ.

ಟ್ರೈಪಾಡ್ ಮೇಲೆ ದೀರ್ಘಕಾಲ ಶಟರ್ ತೆರೆದಿಡುವವರು ಇನ್ನೊಂದನ್ನು ಗಮನಿಸಬೇಕು. ಮಂದ ಬೆಳಕಿನಲ್ಲಿ ಮೊದಲ ಪರಮಾಣು ಹುಟ್ಟಿ ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ಮಾಯವಾಗಿರುತ್ತದೆ. ಹಾಗಾಗಿ ಮೀಟರ್ 10 ಸೆಕೆಂಡು ಎಂದರೆ ಎಚ್‌ಪಿ5ಗೆ ಸುಮಾರು 20 ಸೆಕೆಂಡು ಕೊಡಬೇಕಾಗುತ್ತದೆ. ಗರ್ಭಗುಡಿಯ ಎದುರಿನ ನವರಂಗದಂಥ ಜಾಗಗಳಲ್ಲಿ ಈ ಲೆಕ್ಕ ಮರೆತವರ ನೆಗೆಟಿವ್‌ಗಳು ತೆಳ್ಳಗೆ ಬರುತ್ತವೆ.

ಆರ್ಥೋ ರೀಲಿನ ಬಗ್ಗೆ ಎರಡು ಮಾತು. ಬೆಳ್ಳಿಯ ಲವಣ ಸಹಜವಾಗಿ ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತದೆ. ಬಣ್ಣ ಬೆರೆಸಿ ಅದನ್ನು ಹಸಿರಿನ ಕಡೆಗೆ ಹಿಗ್ಗಿಸಬಹುದೆಂದು ಫೋಗೆಲ್ 1873ರಲ್ಲಿ ತೋರಿಸಿದರು, ಕೆಂಪಿನವರೆಗೆ ಹಿಗ್ಗಿದ್ದು ಆಮೇಲೆ. ಆರ್ಥೋಗೆ ಕೆಂಪು ಕಾಣುವುದಿಲ್ಲ. ಅದರಲ್ಲಿ ಕುಂಕುಮ ಕಾಡಿಗೆಯಂತೆ ಕಪ್ಪಾಗುತ್ತದೆ, ತಾಂಬೂಲ ಮೆದ್ದ ತುಟಿಯೂ ಹಾಗೆಯೇ, ಆಕಾಶ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಕೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತ ತೊಳೆಯಬಹುದು ಎಂಬುದೊಂದು ಸುಖ. ಇಲ್‌ಫರ್ಡ್ ಆರ್ಥೋ ಪ್ಲಸ್ ಸಿಗುತ್ತದೆ. ಮೂರನೆಯ ನಾಲ್ಕನೆಯ ರೀಲಿಗೆ ಇರಲಿ.

ಸ್ಲೈಡ್

ಸ್ಲೈಡ್ ರೀಲನ್ನು ಮೊದಲು ಕಪ್ಪು-ಬಿಳುಪಿನಂತೆ ಡೆವಲಪ್ ಮಾಡಿ, ಉಳಿದ ಹರಳುಗಳನ್ನು ತಿರುಗಿಸಿ ಬಣ್ಣ ಹುಟ್ಟಿಸಿ, ಬೆಳ್ಳಿಯನ್ನೆಲ್ಲ ತೆಗೆದರೆ ನೇರವಾದ ಚಿತ್ರವೇ ಕೈಗೆ ಸಿಗುತ್ತದೆ. ತೊಳೆಯುವ ವಿಧಾನ ಇ-6, ಉಷ್ಣಾಂಶ 38 ಡಿಗ್ರಿ. ಲೈಟ್‌ಬಾಕ್ಸಿನ ಮೇಲಿಟ್ಟು ಭೂತಗನ್ನಡಿಯಿಂದ ನೋಡಿದಾಗ ಸಿಗುವ ಸಂತೋಷ ಬೇರೆ ಯಾವ ರೀಲಿನಿಂದಲೂ ಸಿಗುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ.

ಇದು ಹಿಡಿಯಬಲ್ಲ ಅಂತರ ಸುಮಾರು ಐದು ಸ್ಟಾಪ್, ತಪ್ಪಿಗೆ ಇರುವ ಅವಕಾಶ ಅರ್ಧ ಸ್ಟಾಪ್. ಮಂಟಪದ ಚಿತ್ರವನ್ನು ನಾನು ಮೊದಲ ಸಲ ಸ್ಲೈಡ್‌ನಲ್ಲಿ ತೆಗೆದಾಗ ನೆಗೆಟಿವ್‌ನ ಅಭ್ಯಾಸದಂತೆ ಮುಖಕ್ಕೆ ಅಳೆದಿದ್ದೆ. ಮುಖ ಬಂದಿತ್ತು. ಕಂಬದಾಚೆ ಬಂಡೆಯೂ ಇರಲಿಲ್ಲ, ಆಕಾಶವೂ ಇರಲಿಲ್ಲ. ಬೆರಳನ್ನು ಹಿಂದೆ ಹಿಡಿದರೆ ಉಗುರು ಕಾಣುವಷ್ಟು ಖಾಲಿ ಪ್ಲಾಸ್ಟಿಕ್. ಸ್ಲೈಡ್‌ಗೆ ಬಿಸಿಲನ್ನು ಅಳೆಯಬೇಕು, ನೆರಳನ್ನು ಕತ್ತಲೆಗೆ ಬಿಡಬೇಕು, ಇಲ್ಲವೇ ಬೆಳಗ್ಗೆ ಏಳು ಗಂಟೆಯ ಮೆದು ಬೆಳಕಿಗೆ ಅಲ್ಲಿಗೆ ಹೋಗಬೇಕು. ಮಳೆಗಾಲದ ಮಲೆನಾಡಿನಲ್ಲಿ, ಮೋಡದ ಹೊದಿಕೆಯ ಕೆಳಗೆ, ಬೆಳಕು-ನೆರಳಿನ ಅಂತರ ತಾನಾಗಿಯೇ ಕುಗ್ಗಿರುವಾಗ, ಇದೇ ಸ್ಲೈಡ್ ಹಸಿರನ್ನು ಕೊಡುವ ರೀತಿಗೆ ಕಲರ್ ನೆಗೆಟಿವ್ ಸಾಟಿಯಾಗಲಾರದು.

ಸಿಗುವ ರೀಲುಗಳು ಬೆರಳೆಣಿಕೆಯಷ್ಟು. 1990ರಲ್ಲಿ ಬಂದ ಫ್ಯೂಜಿ ವೆಲ್ವಿಯಾ 50 ಹಸಿರು-ಕೆಂಪುಗಳನ್ನು ಅತಿಯಾಗಿಯೇ ತೋರಿಸುತ್ತದೆ, ಮನುಷ್ಯರ ಮುಖವನ್ನು ಕೆಂಪಗೆ ಮಾಡುತ್ತದೆ. ಪ್ರೊವಿಯಾ 100ಎಫ್ ಸಮಚಿತ್ತದ್ದು, ಎರಡು ನಿಮಿಷದವರೆಗೆ ಶಟರ್ ತೆರೆದಿಟ್ಟರೂ ಸಮಯದ ತಿದ್ದುಪಡಿ ಕೇಳದು. 2012ರಲ್ಲಿ ನಿಂತುಹೋದ ಕೊಡಾಕ್ ಎಕ್ಟಾಕ್ರೋಮ್ 2018ರಲ್ಲಿ ಮರಳಿ ಬಂತು. ಕೊಡಾಕ್ರೋಮ್ ಮಾತ್ರ ಮರಳಿಲ್ಲ. 1935ರಲ್ಲಿ ಆರಂಭವಾದ ಅದರ ತಯಾರಿಕೆ 2009ರಲ್ಲಿ ನಿಂತಿತು, ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬ್ ಅಮೆರಿಕದ ಕಾನ್ಸಾಸ್‌ನಲ್ಲಿತ್ತು, 2010ರ ಡಿಸೆಂಬರ್ ಕೊನೆಯಲ್ಲಿ ಅದೂ ಆ ಕೆಲಸ ನಿಲ್ಲಿಸಿತು. ಹಳೆಯ ಕೊಡಾಕ್ರೋಮ್ ರೀಲು ಯಾರಾದರೂ ಮಾರಲು ಬಂದರೆ ಶೋಕೇಸಿಗೆಂದು ಕೊಳ್ಳಬಹುದು, ಬಣ್ಣದ ಚಿತ್ರಕ್ಕೆಂದು ಕೊಳ್ಳಬೇಡಿ.

ಸ್ಲೈಡ್ ರೀಲಿನ ಬೆಲೆ ಅಗ್ಗದ ಕಲರ್ ನೆಗೆಟಿವ್‌ನ ಎರಡು ಪಟ್ಟಿಗೂ ಹೆಚ್ಚು, ಇ-6 ತೊಳೆಯುವವರು ನಮ್ಮಲ್ಲಿ ತೀರ ಕಡಿಮೆ. ತೊಳೆಯುವವರ ವಿಳಾಸ ಮೊದಲು ಗೊತ್ತು ಮಾಡಿಕೊಂಡು ಆಮೇಲೆ ರೀಲು ಕೊಳ್ಳಿ.

ಸಿನಿಮಾ ರೀಲು, ಹಳೆಯ ರೀಲು

ಸಿನಿಮಾಕ್ಕೆಂದು ತಯಾರಾದ ಕೊಡಾಕ್ ವಿಷನ್3 ರೀಲನ್ನು ತುಂಡು ಮಾಡಿ ಕ್ಯಾಸೆಟ್‌ಗೆ ಸುತ್ತಿ ಕಡಿಮೆ ಬೆಲೆಗೆ ಮಾರುವವರಿದ್ದಾರೆ. ರೀಲು ಒಳ್ಳೆಯದೇ. ಆದರೆ ಅದರ ಬೆನ್ನಿಗೆ ಇತ್ತೀಚಿನವರೆಗೆ ರೆಮ್‌ಜೆಟ್ ಎಂಬ ಇಂಗಾಲದ ಕಪ್ಪು ಪದರವಿರುತ್ತಿತ್ತು, ಅಂಥ ರೀಲು ಸಿ-41 ಯಂತ್ರಕ್ಕೆ ಹೋದರೆ ದ್ರಾವಣವನ್ನೂ ಬೇರೆಯವರ ಚಿತ್ರಗಳನ್ನೂ ಹಾಳುಮಾಡುತ್ತದೆ; ಲ್ಯಾಬಿನವರಿಗೆ ಹೇಳದೆ ಕೊಡುವುದು ಸಜ್ಜನಿಕೆಯಲ್ಲ. ಆ ಪದರವನ್ನು ಮೊದಲೇ ತೆಗೆದು ಮಾರುವ ಸಿನೆಸ್ಟಿಲ್ 800ಟಿ ಸಿ-41ನಲ್ಲೇ ತೊಳೆಯುತ್ತದೆ, 3,200 ಕೆಲ್ವಿನ್‌ನ ದೀಪದ ಬೆಳಕಿಗೆ ಹೊಂದಿಕೊಂಡಿದೆ. ಬೆಳಕು ಹಿಂದಿನಿಂದ ಪ್ರತಿಫಲಿಸುವುದನ್ನು ತಡೆಯುವ ಪದರವೇ ಹೋಗಿರುವುದರಿಂದ ಪ್ರತಿ ದೀಪದ ಸುತ್ತ ಕೆಂಪು ಪ್ರಭಾವಳಿ ಏಳುತ್ತದೆ. ದೀಪಾವಳಿಯ ರಾತ್ರಿಗೆ ಒಂದು ರೀಲು ಹಾಕಿದರೆ ಚೆಂದ, ಎರಡನೆಯದಕ್ಕೆ ಬೇಸರ ಬರುತ್ತದೆ.

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಪೆಟ್ಟಿಗೆಗಳು ಹಳೆಯ ಸ್ಟುಡಿಯೋಗಳ ಕಪಾಟಿನಿಂದ ಈಗಲೂ ಹೊರಬರುತ್ತವೆ. ಕಾಲ ಮೀರಿದ ರೀಲಿನಲ್ಲಿ ಬೆಳಕು ತಾಗದ ಹರಳುಗಳೂ ತಾವಾಗಿ ಕಪ್ಪಾಗಿ ಮಬ್ಬು ಕವಿದಿರುತ್ತದೆ. ಹತ್ತು ವರ್ಷಕ್ಕೆ ಒಂದು ಸ್ಟಾಪ್ ಹೆಚ್ಚು ಕೊಡಬೇಕೆಂಬುದು ಬಳಕೆಯಲ್ಲಿರುವ ಅಂದಾಜು. ಕುತೂಹಲಕ್ಕೆ ಸರಿ, ಮತ್ತೆ ಸಿಗದ ಸಮಾರಂಭಕ್ಕೆ ಸರಿಯಲ್ಲ.

ಯಾರಿಗೆ ಯಾವುದು

ಮೀಟರ್ ಇಲ್ಲದ ಕ್ಯಾಮೆರಾ, ಮೊದಲ ರೀಲು, ಹೊರಗಿನ ಹಗಲು ಎಂದಾದರೆ ಐಎಸ್‌ಒ 200ರ ಅಗ್ಗದ ಕಲರ್ ನೆಗೆಟಿವ್ ಹಾಕಿ. ನಿಚ್ಚಳ ಬಿಸಿಲಿಗೆ ಎಫ್ 16, 1/250. ಮೋಡವಿದ್ದರೆ ಎಫ್ 8. ಮನೆಯ ಜಗಲಿಯ ನೆರಳಿಗೆ ಎಫ್ 4. ಇಷ್ಟು ನೆನಪಿದ್ದರೆ 36ರಲ್ಲಿ 30 ಚಿತ್ರಗಳಾದರೂ ದಕ್ಕುತ್ತವೆ. ಮದುವೆ, ಗೃಹಪ್ರವೇಶ, ಮಗುವಿನ ನಾಮಕರಣಕ್ಕೆ ದುಡ್ಡು ನೋಡದೆ ಪೋರ್ಟ್ರಾ 400. ತಿಂಗಳಿಗೆ ಮೂರು-ನಾಲ್ಕು ರೀಲು ತೆಗೆಯುವ ಉತ್ಸಾಹ ಇದ್ದು ಕೈ ಬಿಗಿ ಇರುವವರಿಗೆ ಎಚ್‌ಪಿ5, ಮನೆಯಲ್ಲೇ ತೊಳೆತ. ಊರಲ್ಲಿ ಸಿ-41 ಮಾತ್ರ ಇದ್ದು ಕಪ್ಪು-ಬಿಳುಪಿನ ಆಸೆ ಇದ್ದರೆ ಎಕ್ಸ್‌ಪಿ2. ಸ್ಲೈಡ್‌ನ ಆಸೆ ಇರುವವರು ಮೊದಲು ಹತ್ತು ನೆಗೆಟಿವ್ ರೀಲುಗಳಲ್ಲಿ ಪ್ರತಿ ಚಿತ್ರದ ಅಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ತಮ್ಮ ಮೀಟರ್ ಎಲ್ಲಿ ತಪ್ಪುತ್ತದೆ ಎಂದು ತಿಳಿದ ಮೇಲೆ ಕೊಳ್ಳಲಿ.

ಎರಡರ ನಡುವೆ ಇನ್ನೂ ತೂಗುಯ್ಯಾಲೆಯಾಗುತ್ತಿದ್ದರೆ ಒಂದೊಂದು ರೀಲು ತಂದು ಹೊಸ್ತಿಲ ಪರೀಕ್ಷೆ ಮಾಡಿ. ಮಧ್ಯಾಹ್ನ ನಡುಮನೆಯಲ್ಲಿ ನಿಂತು, ತೆರೆದ ಬಾಗಿಲ ಬಳಿ ಮನೆಯವರನ್ನು ಕೂರಿಸಿ, ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆಯಿಂದ ಮೂರು ಸ್ಟಾಪ್ ಹೆಚ್ಚಿನವರೆಗೆ ಆರು ಚಿತ್ರ ತೆಗೆಯಿರಿ. ಒಳಗಿನ ಮುಖ ಯಾವ ಚಿತ್ರದಿಂದ ಕಾಣತೊಡಗಿತು, ಅಂಗಳದ ತುಳಸಿಕಟ್ಟೆ ಯಾವ ಚಿತ್ರದಲ್ಲಿ ಮಾಯವಾಯಿತು ಎಂದು ನೋಡಿದರೆ ಹರ್ಟರ್ ಮತ್ತು ಡ್ರಿಫೀಲ್ಡರ ರೇಖೆಯ ಪಾದವೂ ಹೆಗಲೂ ನಿಮ್ಮ ಮನೆಯಲ್ಲೇ ಸಿಗುತ್ತವೆ.

ಕೊಂಡ ರೀಲನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಕರಾವಳಿಯ ಮಳೆಗಾಲದಲ್ಲಿ ಜೆಲಟಿನ್ನಿಗೆ ಬೂಸ್ಟು ಹಿಡಿಯುತ್ತದೆ. ಹೊರತೆಗೆದ ಕೂಡಲೇ ಬಿಚ್ಚಿದರೆ ರೀಲಿನ ಮೇಲೆ ನೀರು ಕೂರುತ್ತದೆ, ಒಂದೆರಡು ಗಂಟೆ ಹೊರಗಿಟ್ಟು ಬಿಚ್ಚಿ. ವಿದೇಶದಿಂದ ಬರುವ ನೆಂಟರ ಕೈಯಲ್ಲಿ ರೀಲು ತರಿಸುವವರು, ಕೆಲವು ವಿಮಾನ ನಿಲ್ದಾಣಗಳಲ್ಲಿ ಈಗ ಕೈಚೀಲಕ್ಕೂ ಸಿಟಿ ಸ್ಕ್ಯಾನರ್ ಬಳಸುತ್ತಾರೆಂದೂ, ಯಾವ ಐಎಸ್‌ಒ ರೀಲಾದರೂ ಅದರಲ್ಲಿ ಮಬ್ಬಾಗಬಹುದೆಂದೂ ಅವರಿಗೆ ಮೊದಲೇ ತಿಳಿಸಬೇಕು. ಪೆಟ್ಟಿಗೆ ಬಿಚ್ಚಿ, ಕ್ಯಾಸೆಟ್‌ಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿಕೊಂಡು, ಕೈಯಲ್ಲೇ ಪರೀಕ್ಷಿಸಿ ಎಂದು ತಪಾಸಣೆಯವರನ್ನು ಕೇಳಲಿ. ಚೆಕ್-ಇನ್ ಸೂಟ್‌ಕೇಸಿಗಂತೂ ಹಾಕಲೇಬಾರದು.